ನೋವಿಗೆ ಸೂಜಿಯ ಮದ್ದು

1971ರ ಜುಲೈ ತಿಂಗಳು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹೆಸರಾಂತ ಅಂಕಣಕಾರ ಜೇಮ್ಸ್ ರೆಸ್ಟನ್ ಪತ್ನಿಯೊಡನೆ ಚೀನಾಕ್ಕೆ ಹೋಗಿದ್ದರು. ಎರಡು ದಶಕಗಳಿಂದ ಅಮೆರಿಕದವರ ಪಾಲಿಗೆ ಬಾಗಿಲು ಮುಚ್ಚಿಕೊಂಡಿದ್ದ ದೇಶ ಅದು. ರೆಸ್ಟನ್ ಇನ್ನೂ ದಕ್ಷಿಣದ ಕ್ಯಾಂಟನ್ ಕಡೆ ಇದ್ದಾಗಲೇ ಹೆನ್ರಿ ಕಿಸಿಂಜರ್ ಗುಟ್ಟಾಗಿ ಪೀಕಿಂಗಿಗೆ ಬಂದು, ಅಧ್ಯಕ್ಷ ನಿಕ್ಸನ್ನರ ಭೇಟಿಗೆ ದಾರಿ ಮಾಡಿಕೊಂಡು ಹೊರಟೇಹೋಗಿದ್ದರು. ಜಗತ್ತಿನ ದೊಡ್ಡ ಸುದ್ದಿ ಮೂಗಿನ ಕೆಳಗೇ ತಪ್ಪಿಹೋಯಿತೆಂದು ತಿಳಿದ ಆ ಕ್ಷಣದಲ್ಲೇ ತಮ್ಮ ತೊಡೆಸಂದಿನಲ್ಲಿ ಮೊದಲ ನೋವು ಚಳುಕಿತೆಂದು ರೆಸ್ಟನ್ ಆಮೇಲೆ ತಮಾಷೆಯಾಗಿ ಬರೆದುಕೊಂಡರು. ನೋವೇನೋ ನಿಜವಾದದ್ದೇ. ಅದು ಅಪೆಂಡಿಸೈಟಿಸ್.

ಅವರನ್ನು ಸೇರಿಸಿದ ಆಸ್ಪತ್ರೆಗೆ ಆಗಿನ ಹೆಸರು ‘ಸಾಮ್ರಾಜ್ಯಶಾಹಿ ವಿರೋಧಿ ಆಸ್ಪತ್ರೆ’. ಅದನ್ನು ಕಟ್ಟಿಸಿದ್ದು ಮಾತ್ರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ! ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಎರಡನೆಯ ರಾತ್ರಿ ಹೊಟ್ಟೆ ಉಬ್ಬರಿಸಿ ಹಿಂಸೆಯಾಗತೊಡಗಿದಾಗ ಅಲ್ಲಿನ ಅಕ್ಯುಪಂಕ್ಚರ್ ವೈದ್ಯರೊಬ್ಬರು ರೆಸ್ಟನ್ನರ ಒಪ್ಪಿಗೆ ಪಡೆದು ಬಲ ಮೊಣಕೈ ಬಳಿ ಮತ್ತು ಮೊಣಕಾಲುಗಳ ಕೆಳಗೆ ಮೂರು ನೀಳವಾದ ಸೂಜಿಗಳನ್ನು ಚುಚ್ಚಿ ತಿರುವಿದರು. ಒಣಗಿಸಿದ ಸೊಪ್ಪಿನ ಬತ್ತಿಗಳನ್ನು ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದು ಶಾಖ ಕೊಟ್ಟರು. ಎಲ್ಲ ಸೇರಿ ಸುಮಾರು 20 ನಿಮಿಷ. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು, ಮತ್ತೆ ಬರಲಿಲ್ಲ. ಜುಲೈ 26ರಂದು ಈ ಅನುಭವ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಯಿತು. ಅಪೊಲೊ-15 ಚಂದ್ರನತ್ತ ಹೊರಟ ದಿನವೂ ಅದೇ. ಆದರೂ ಅಮೆರಿಕದ ಮನೆಮನೆಗಳಲ್ಲಿ ಚಂದ್ರನಷ್ಟೇ ಸೂಜಿಯ ಮಾತೂ ನಡೆಯಿತು.

ಈ ಕಥೆಯನ್ನು ಹೇಳುವವರು ಇಂದಿಗೂ ಒಂದು ತಪ್ಪು ಮಾಡುತ್ತಾರೆ. ರೆಸ್ಟನ್ನರ ಅಪೆಂಡಿಕ್ಸನ್ನು ಅರಿವಳಿಕೆ ಮದ್ದಿಲ್ಲದೆ, ಬರೇ ಸೂಜಿ ಚುಚ್ಚಿ ತೆಗೆದರು ಎನ್ನುತ್ತಾರೆ. ಹಾಗೇನೂ ಆಗಲಿಲ್ಲ. ಶಸ್ತ್ರಚಿಕಿತ್ಸೆ ನಡೆದದ್ದು ಎಲ್ಲ ಕಡೆ ಬಳಸುವ ಅರಿವಳಿಕೆ ಚುಚ್ಚುಮದ್ದಿನಿಂದಲೇ. ಸೂಜಿ ಬಂದದ್ದು ಆಮೇಲಿನ ಹೊಟ್ಟೆ ಉಬ್ಬರಕ್ಕೆ. ಇನ್ನೂ ಒಂದು ಮಾತಿದೆ. ಹೊಟ್ಟೆ ಕೊಯ್ದ ಮೇಲೆ ಒಂದೆರಡು ದಿನ ಕರುಳು ಮುಷ್ಕರ ಹೂಡುವುದು, ಆಮೇಲೆ ತಾನಾಗಿಯೇ ಕೆಲಸಕ್ಕೆ ಹಿಂದಿರುಗುವುದು ಯಾವ ಶಸ್ತ್ರವೈದ್ಯರಿಗೂ ಗೊತ್ತಿರುವ ವಿಷಯ. ಹಾಗಾದರೆ ರೆಸ್ಟನ್ನರ ಉಬ್ಬರ ಇಳಿಸಿದ್ದು ಸೂಜಿಯೋ, ಶಾಖವೋ, ಕಾಲವೋ? ಒಬ್ಬ ರೋಗಿಯ ಒಂದು ರಾತ್ರಿಯ ಅನುಭವದಿಂದ ಇದನ್ನು ಹೇಳಲಾಗದು. ಅಕ್ಯುಪಂಕ್ಚರಿನ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ ಎಂದರೂ ತಪ್ಪಿಲ್ಲ.

ಹನ್ನೆರಡು ನದಿಗಳು

ಚೀನೀ ವೈದ್ಯದ ಮೂಲಗ್ರಂಥ ‘ಹುವಾಂಗ್‌ಡಿ ನೈಜಿಂಗ್’, ಅಂದರೆ ಹಳದಿ ಚಕ್ರವರ್ತಿಯ ವೈದ್ಯಗ್ರಂಥ. ಕ್ರಿಸ್ತಪೂರ್ವ ಎರಡು-ಒಂದನೆಯ ಶತಮಾನದ ಸುಮಾರಿಗೆ ಈಗಿನ ರೂಪಕ್ಕೆ ಬಂತೆನ್ನುತ್ತಾರೆ. ನಮ್ಮ ಉಪನಿಷತ್ತುಗಳ ಹಾಗೆ ಇದೂ ಪ್ರಶ್ನೋತ್ತರ ರೂಪದಲ್ಲಿದೆ. ಚಕ್ರವರ್ತಿ ಕೇಳುತ್ತಾನೆ, ಆಸ್ಥಾನದ ವೈದ್ಯ ಚಿ ಬೋ ಉತ್ತರಿಸುತ್ತಾನೆ. ಶರೀರದಲ್ಲಿ ‘ಚೀ’ ಎಂಬ ಚೈತನ್ಯ ಹರಿಯುತ್ತಿರುತ್ತದೆ. ನಮ್ಮವರ ಪ್ರಾಣದ ಕಲ್ಪನೆಗೆ ಇದು ತೀರ ಹತ್ತಿರ. ಅದು ಹರಿಯುವ ಮುಖ್ಯ ನಾಳಗಳು ಹನ್ನೆರಡು, ಏಕೆಂದರೆ ಚೀನಾದ ನೆಲದಲ್ಲಿ ಹರಿಯುವ ಮಹಾನದಿಗಳೂ ಹನ್ನೆರಡು. ಸೂಜಿ ಚುಚ್ಚುವ ಬಿಂದುಗಳು 365, ಏಕೆಂದರೆ ವರ್ಷಕ್ಕೆ ದಿನಗಳು 365! ನಾಳದಲ್ಲಿ ಹರಿವು ಕಟ್ಟಿಕೊಂಡರೆ ಅಥವಾ ಯಿನ್ ಮತ್ತು ಯಾಂಗ್ ಎಂಬ ಎರಡು ಗುಣಗಳ ತಕ್ಕಡಿ ವಾಲಿದರೆ ರೋಗ. ಸರಿಯಾದ ಬಿಂದುವಿಗೆ ಸೂಜಿ ಚುಚ್ಚಿದರೆ ತೂಬು ತೆರೆದಂತೆ ಹರಿವು ಮತ್ತೆ ಸಾಗುತ್ತದೆ. ಕೆರೆ-ಕಾಲುವೆಗಳನ್ನು ನಂಬಿ ಬದುಕಿದ ಬೇಸಾಯಗಾರರ ನಾಡಿನಲ್ಲಿ ಹುಟ್ಟಿದ ಸಿದ್ಧಾಂತವೆಂಬುದು ಓದಿದರೇ ತಿಳಿಯುತ್ತದೆ. ಹೆಣ ಕೊಯ್ದು ನೋಡಿದರೆ ಈ ನಾಳಗಳು ಕಾಣುವುದಿಲ್ಲ. ರಕ್ತನಾಳ, ನರಗಳ ಹಾಗೆ ಅವಕ್ಕೆ ಪ್ರತ್ಯೇಕವಾದ ಕೊಳವೆಗಳಿಲ್ಲ.

ಈ ಸಿದ್ಧಾಂತ ಆಕಾಶದಿಂದ ಇಳಿದದ್ದೂ ಅಲ್ಲ. 1973ರಲ್ಲಿ ಚೀನಾದ ಮಾವಾಂಗ್‌ಡ್ವೇ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ನಾಳಗಳು ಹನ್ನೊಂದೇ. ಚಿಕಿತ್ಸೆಯೂ ಸೂಜಿಯದಲ್ಲ, ಸೊಪ್ಪಿನ ಬತ್ತಿಯಿಂದ ಶಾಖ ಕೊಡುವುದು. ಅಂದರೆ ಸಿದ್ಧಾಂತ ಮೆಲ್ಲಮೆಲ್ಲನೆ ಬೆಳೆದಿದೆ, ಬದಲಾಗಿದೆ. ಇಂದು ಒಪ್ಪಿಕೊಂಡಿರುವ ಲೆಕ್ಕ ಹದಿನಾಲ್ಕು ನಾಳಗಳ ಮೇಲೆ 361 ಬಿಂದುಗಳು.

ಈ ಬಿಂದುಗಳನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ? ಸೊಂಗ್ ವಂಶದ ಕಾಲದಲ್ಲಿ, 1027ರ ಸುಮಾರಿಗೆ, ವಾಂಗ್ ವೇಯಿ ಎಂಬ ವೈದ್ಯಾಧಿಕಾರಿ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿದ. ಬಿಂದುಬಿಂದುವಿಗೂ ಒಂದು ತೂತು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು, ಒಳಗೆ ನೀರು ತುಂಬಿ ನಿಲ್ಲಿಸುತ್ತಿದ್ದರಂತೆ. ಸೂಜಿ ಸರಿಯಾದ ಜಾಗಕ್ಕೆ ಬಿದ್ದರೆ ನೀರು ಜಿನುಗಬೇಕು, ತಪ್ಪಿದರೆ ಸೂಜಿ ಮುರಿಯಬೇಕು, ವಿದ್ಯಾರ್ಥಿ ಮನೆಗೆ ನಡೆಯಬೇಕು. ಈಗಿನ ನಮ್ಮ ಪ್ರಾಯೋಗಿಕ ಪರೀಕ್ಷೆಗಳಿಗಿಂತ ಇದೇ ಪ್ರಾಮಾಣಿಕವಾಗಿತ್ತೇನೋ!

ಜಪಾನಿನಲ್ಲಿ ಈ ವಿದ್ಯೆ ಅಂಧರ ಕೈಗೆ ಬಂದದ್ದು ಇನ್ನೊಂದು ಸೊಗಸಾದ ಪ್ರಸಂಗ. ಹದಿನೇಳನೆಯ ಶತಮಾನದ ಸುಗಿಯಾಮಾ ವಾಯಿಚಿ ಕುರುಡ. ಬರಿಗೈಯಿಂದ ಚುಚ್ಚುವುದು ಅವನಿಗೆ ಕಷ್ಟವಾಗುತ್ತಿತ್ತು. ಸೂಜಿಯನ್ನು ಒಂದು ಸಣ್ಣ ಕೊಳವೆಯೊಳಗಿಟ್ಟು, ಕೊಳವೆಯನ್ನು ಚರ್ಮಕ್ಕೆ ಒತ್ತಿ, ಮೇಲಿನಿಂದ ಬೆರಳಿನಿಂದ ತಟ್ಟಿದರೆ ಸಾಕೆಂಬ ಉಪಾಯ ರೂಢಿಗೆ ಬಂದದ್ದು ಅವನಿಂದ. ಅಂಧರಿಗೆ ಈ ವಿದ್ಯೆ ಕಲಿಸುವ ಶಾಲೆಗಳನ್ನೂ ಅವನು ತೆರೆದ. ಇಂದು ಬಹಳಷ್ಟು ಚಿಕಿತ್ಸಕರು ಬಳಸುವ ಪ್ಲಾಸ್ಟಿಕ್ ಕೊಳವೆ ಅದರದೇ ಸಂತಾನ. ಜಪಾನಿಗೆ ಬಂದಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲ್ಲೆಮ್ ಟೆನ್ ರೈನೆ ತಾನು ಕಂಡದ್ದನ್ನು ಲ್ಯಾಟಿನ್ನಿನಲ್ಲಿ ಬರೆದು 1683ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ. ಲ್ಯಾಟಿನ್ನಿನ ‘ಅಕಸ್’ ಎಂದರೆ ಸೂಜಿ. ಯುರೋಪಿಗೆ ‘ಅಕ್ಯುಪಂಕ್ಚರ್’ ಎಂಬ ಹೆಸರು ಸಿಕ್ಕಿದ್ದು ಹೀಗೆ.

ಹುಟ್ಟೂರಿನಲ್ಲೇ ಅದಕ್ಕೆ ಯಾವಾಗಲೂ ಮರ್ಯಾದೆಯಿತ್ತೆಂದು ತಿಳಿಯಬೇಡಿ. 1822ರಲ್ಲಿ ದಾವೊಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದ ಸೂಜಿಯನ್ನು ಹೊರಹಾಕಿದ. ದೊರೆಯ ಮೈಗೆ ಸೂಜಿ ಚುಚ್ಚುವುದು ತರವಲ್ಲವೆಂಬುದು ಕಾರಣ. 1929ರಲ್ಲಿ ರಾಷ್ಟ್ರೀಯವಾದಿ ಸರಕಾರದ ಮುಂದೆ ಹಳೆಯ ವೈದ್ಯವನ್ನೇ ರದ್ದುಪಡಿಸುವ ಪ್ರಸ್ತಾಪ ಬಂತು, ವೈದ್ಯರು ಬೀದಿಗಿಳಿದ ಮೇಲೆ ನಿಂತಿತು. ಅದನ್ನು ಮತ್ತೆ ಮೇಲೆತ್ತಿದ್ದು ಮಾವೊ ತ್ಸೆ ತುಂಗ್. ಕೋಟ್ಯಂತರ ಜನರ ದೇಶಕ್ಕೆ ಆಧುನಿಕ ವೈದ್ಯರು ಸಾಲುತ್ತಿರಲಿಲ್ಲ, ಸೂಜಿಯಾದರೋ ಅಗ್ಗ. ಹಾಗೆಂದು ಮಾವೊಗೆ ಅದರಲ್ಲಿ ನಂಬಿಕೆಯಿತ್ತೇ? ತಾನು ಮಾತ್ರ ಚೀನೀ ಮದ್ದು ತೆಗೆದುಕೊಳ್ಳುವುದಿಲ್ಲ ಎಂದು ಮಾವೊ ಹೇಳಿದ್ದನ್ನು ಅವರ ಖಾಸಗಿ ವೈದ್ಯ ಲಿ ಝಿಸುಯಿ 1994ರಲ್ಲಿ ಹೊರಬಂದ ನೆನಪುಗಳಲ್ಲಿ ದಾಖಲಿಸಿದ್ದಾರೆ. ರಾಜಕಾರಣಿಗಳು ಎಲ್ಲ ಕಡೆಯೂ ಒಂದೇ.

ಕೋಟ್ನಿಸರ ಸಂಗಾತಿ

ಭಾರತಕ್ಕೆ ಸೂಜಿ ಬಂದ ಕಥೆ ನಮ್ಮ ಓದುಗರಿಗೆ ಅರ್ಧ ಗೊತ್ತಿರುವಂಥದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ನೆರವಾಗಲು ಕಾಂಗ್ರೆಸ್ಸು ಐವರು ವೈದ್ಯರ ತಂಡವೊಂದನ್ನು ಕಳಿಸಿತು. ಗಡಿಯಾಚೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರಲ್ಲೊಬ್ಬರು. 1942ರ ಡಿಸೆಂಬರಿನಲ್ಲಿ ಅಲ್ಲೇ ಮಡಿದರು. ಶಾಂತಾರಾಮರ 1946ರ ಚಿತ್ರದಿಂದಾಗಿ ಅವರ ಹೆಸರು ಮನೆಮಾತಾಯಿತು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರನ್ನು ಹೆಚ್ಚು ಜನ ನೆನೆಯುವುದಿಲ್ಲ. 1950ರ ದಶಕದ ಕೊನೆಗೆ ಬಸು ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ನಮ್ಮ ದೇಶದಲ್ಲಿ ಈ ಪದ್ಧತಿ ಮೊಳೆತದ್ದು ಅಲ್ಲಿ. ಅದಕ್ಕೆಂದೇ ಕಾನೂನು ಮಾಡಿದ ಮೊದಲ ರಾಜ್ಯವೂ ಪಶ್ಚಿಮ ಬಂಗಾಳವೇ, 1996ರಲ್ಲಿ.

ಸುಶ್ರುತನ 107 ಮರ್ಮಗಳೇ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಬಿಂದುಗಳಾದವೆಂದು ಕೆಲವರು ವೇದಿಕೆಗಳಲ್ಲಿ ಘೋಷಿಸುವುದುಂಟು. ಕೇಳಲು ಹಿತವಾಗಿದೆ. ಆದರೆ ಮರ್ಮಗಳನ್ನು ಸುಶ್ರುತ ಪಟ್ಟಿಮಾಡಿದ್ದು ಚುಚ್ಚಲೆಂದಲ್ಲ. ಅಲ್ಲಿಗೆ ಪೆಟ್ಟು ಬಿದ್ದರೆ ಪ್ರಾಣಕ್ಕೋ ಅಂಗಕ್ಕೋ ಅಪಾಯ, ಶಸ್ತ್ರ ಆಡಿಸುವಾಗ ಎಚ್ಚರ ಎಂದು ತಿಳಿಸಲಿಕ್ಕೆ. ಎರಡರ ಉದ್ದೇಶವೇ ಬೇರೆ.

ಚುಚ್ಚಿದಾಗ ಆಗುವುದೇನು?

ಮೊದಲು ಸೂಜಿಯ ಬಗ್ಗೆ ಒಂದು ಮಾತು, ಏಕೆಂದರೆ ಅನೇಕರು ಹೆದರುವುದು ಅದಕ್ಕೇ. ಇಂಜೆಕ್ಷನ್ ಸೂಜಿ ಟೊಳ್ಳು, ಅದರ ತುದಿ ಚರ್ಮವನ್ನು ಕೊಯ್ಯುತ್ತದೆ. ಅಕ್ಯುಪಂಕ್ಚರ್ ಸೂಜಿ ಗಟ್ಟಿ ತಂತಿ. ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟೇ ದಪ್ಪ. ಊತಕವನ್ನು ಕೊಯ್ಯದೆ ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ. ಆದ್ದರಿಂದ ನೋವೂ ಕಡಿಮೆ, ರಕ್ತವೂ ಕಡಿಮೆ. ಸೂಜಿ ಇಳಿದ ಮೇಲೆ ಚಿಕಿತ್ಸಕ ಅದನ್ನು ತಿರುವುತ್ತಾನೆ. ಆಗ ಜೋಮು, ಭಾರ, ಸೆಳೆತ ಸೇರಿದಂಥ ಒಂದು ವಿಚಿತ್ರ ಅನುಭವವಾಗುತ್ತದೆ. ಚೀನೀಯರು ಇದಕ್ಕೆ ‘ದ ಚೀ’ ಎನ್ನುತ್ತಾರೆ, ಅಂದರೆ ಚೈತನ್ಯ ಬಂದು ತಲುಪಿತೆಂದು ಅರ್ಥ. ಚಿಕಿತ್ಸಕನ ಬೆರಳಿಗೂ ಗಾಳಕ್ಕೆ ಮೀನು ಕಚ್ಚಿದಂತೆ ಎಳೆತ ತಿಳಿಯುತ್ತದೆ. ಇದು ಬರಿಯ ಕವಿತೆಯೇನಲ್ಲ. ಅಮೆರಿಕದ ವರ್ಮಾಂಟಿನ ಹೆಲೆನ್ ಲಾಂಜೆವಿನ್ ಮತ್ತು ಸಂಗಡಿಗರು 2001-02ರಲ್ಲಿ ಈ ಎಳೆತವನ್ನು ಅಳೆದು ನೋಡಿದರು. ತಿರುವಿದ ಸೂಜಿಗೆ ಚರ್ಮದಡಿಯ ಕೊಲಾಜೆನ್ ಎಳೆಗಳು, ಫೋರ್ಕಿಗೆ ಶಾವಿಗೆ ಸುತ್ತಿಕೊಳ್ಳುವಂತೆ, ಸುತ್ತಿಕೊಳ್ಳುತ್ತವೆ.

ಮುಂದಿನದು ನರಗಳ ಕಥೆ. ಚುಚ್ಚುವ ಜಾಗಕ್ಕೆ ಮೊದಲೇ ಮರಗಟ್ಟಿಸುವ ಮದ್ದು ಕೊಟ್ಟರೆ ಸೂಜಿಯ ಪರಿಣಾಮ ಕಾಣುವುದಿಲ್ಲವೆಂದು ಚೀನಾದ ಪ್ರಯೋಗಗಳೇ 1970ರ ದಶಕದಲ್ಲಿ ತೋರಿಸಿದ್ದವು. ಅಂದರೆ ಸಂದೇಶ ಸಾಗುವುದು ಕಣ್ಣಿಗೆ ಕಾಣದ ನಾಳಗಳಲ್ಲಲ್ಲ, ಕಾಣುವ ನರಗಳಲ್ಲಿ. ಪೀಕಿಂಗಿನ ಹಾನ್ ಜಿಶೆಂಗ್ 1965ರಿಂದ ಇದರ ಬೆನ್ನು ಹತ್ತಿದ್ದವರು. ಅವರ ಮೊಲದ ಪ್ರಯೋಗ ಎಷ್ಟು ಸರಳವೋ ಅಷ್ಟೇ ಚೆಂದ. ಸೂಜಿ ಹಾಕಿಸಿಕೊಂಡು ನೋವು ತಾಳುತ್ತಿದ್ದ ಮೊಲದ ಮಿದುಳಿನ ದ್ರವವನ್ನು ತೆಗೆದು, ಸೂಜಿಯನ್ನೇ ಕಾಣದ ಇನ್ನೊಂದು ಮೊಲದ ಮಿದುಳಿಗೆ ಸೇರಿಸಿದರು. ಎರಡನೆಯ ಮೊಲವೂ ನೋವು ತಾಳತೊಡಗಿತು! ಹಾಗಾದರೆ ದ್ರವದಲ್ಲಿ ನೋವು ಶಮನಮಾಡುವ ರಾಸಾಯನಿಕ ಯಾವುದೋ ಸುರಿದಿರಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಮಿದುಳು ತಾನೇ ತಯಾರಿಸುವ ಅಫೀಮಿನಂಥ ವಸ್ತುವನ್ನು ಪತ್ತೆಮಾಡಿದರು. ಆ ಕುಟುಂಬಕ್ಕೆ ಈಗ ಎಂಡಾರ್ಫಿನ್ ಎಂಬ ಹೆಸರಿದೆ. ಒಂದೆರಡು ವರ್ಷಗಳಲ್ಲೇ ಇನ್ನೊಂದು ಕೊಂಡಿ ಕೂಡಿಕೊಂಡಿತು: ಅಫೀಮಿನ ಪರಿಣಾಮವನ್ನು ತಡೆಯುವ ನಾಲೊಕ್ಸೋನ್ ಎಂಬ ಮದ್ದನ್ನು ಕೊಟ್ಟರೆ ಸೂಜಿಯ ನೋವುನಿವಾರಣೆಯೂ ಮಾಯವಾಗುತ್ತದೆ. ಟೊರಾಂಟೊದ ಪೊಮೆರಾಂಜ್ ಇಲಿಗಳಲ್ಲಿ, ಮೇಯರ್ ಮತ್ತು ಸಂಗಡಿಗರು ಮನುಷ್ಯರಲ್ಲಿ ಇದನ್ನು ತೋರಿಸಿದರು. ಸೂಜಿಗೆ ಸಣ್ಣ ವಿದ್ಯುತ್ತು ಹಾಯಿಸಿದರೆ, ಸೆಕೆಂಡಿಗೆ ಎರಡು ಸಲ ಮಿಡಿಯುವ ವಿದ್ಯುತ್ತಿಗೆ ಒಂದು ಬಗೆಯ ಎಂಡಾರ್ಫಿನ್, ನೂರು ಸಲ ಮಿಡಿಯುವುದಕ್ಕೆ ಇನ್ನೊಂದು ಬಗೆ ಸ್ರವಿಸುತ್ತದೆಂದು ಹಾನ್ ಕಂಡುಕೊಂಡರು.

ಆಮೇಲೆ ಇನ್ನಷ್ಟು ಸೇರಿಕೊಂಡಿದೆ. 2010ರಲ್ಲಿ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ಇಲಿಯ ಮೊಣಕಾಲಿನ ಕೆಳಗೆ ಚುಚ್ಚಿ ಸೂಜಿ ತಿರುವಿದಾಗ ಆ ಜಾಗದಲ್ಲೇ ಅಡೆನೊಸೀನ್ ಎಂಬ ನೋವುಶಾಮಕ ವಸ್ತು ಏರುವುದನ್ನು ಅಳೆಯಿತು. 2021ರಲ್ಲಿ ಹಾರ್ವರ್ಡಿನ ಚೀಫು ಮಾ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇನ್ನೂ ಸ್ವಾರಸ್ಯದ್ದು. ಇಲಿಯ ಹಿಂಗಾಲಿನ ಅದೇ ಬಿಂದುವಿಗೆ ಲಘು ವಿದ್ಯುತ್ತು ಕೊಟ್ಟರೆ ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗಿ ಮೈಯ ಉರಿಯೂತ ತಗ್ಗುತ್ತದೆ. ಹೊಟ್ಟೆಯ ಮೇಲೆ ಕೊಟ್ಟರೆ ಇಲ್ಲ. ಕಾರಣ, ಅದಕ್ಕೆ ಬೇಕಾದ ನರತಂತುಗಳು ಕಾಲಿನ ಆಳದ ಪೊರೆಯಲ್ಲಿವೆ, ಹೊಟ್ಟೆಯಲ್ಲಿಲ್ಲ. ಎಲ್ಲಿ ಚುಚ್ಚಿದರೂ ಒಂದೇ ಎನ್ನುವವರಿಗೆ ಇದೊಂದು ಉತ್ತರ. ಆದರೆ ಇಲಿ ಮನುಷ್ಯನಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಹುಸಿ ಸೂಜಿಯ ಪರೀಕ್ಷೆ

ಇಷ್ಟೆಲ್ಲ ಆದ ಮೇಲೂ ರೆಸ್ಟನ್ನರ ರಾತ್ರಿಯ ಪ್ರಶ್ನೆ ಉಳಿದೇ ಇದೆ. ಗುಣವಾದದ್ದು ಸೂಜಿಯಿಂದಲೋ, ಸೂಜಿಯ ಮೇಲಿನ ನಂಬಿಕೆಯಿಂದಲೋ? ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಹುಸಿ ಸೂಜಿ ಚುಚ್ಚುವುದು ಹೇಗೆ? 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಒಂದು ಸೂಜಿ ಮಾಡಿದರು. ನಾಟಕದ ಚೂರಿಯ ಹಾಗೆ ಅದು ಚರ್ಮಕ್ಕೆ ತಗುಲಿದೊಡನೆ ಹಿಡಿಯೊಳಕ್ಕೆ ಸರಿಯುತ್ತದೆ. ಚುಚ್ಚಿತೆಂದೇ ರೋಗಿ ತಿಳಿಯುತ್ತಾನೆ. ಇನ್ನು ಕೆಲವರು ಬಿಂದುಗಳಲ್ಲದ ಜಾಗಗಳಲ್ಲಿ ಮೇಲೆಮೇಲೆ ಚುಚ್ಚಿ ಹೋಲಿಸಿದರು.

ಜರ್ಮನಿಯ ವಿಮಾ ಸಂಸ್ಥೆಗಳು ಇದರ ಇತ್ಯರ್ಥಕ್ಕೆಂದೇ ಭಾರಿ ಪರೀಕ್ಷೆಗಳನ್ನು ನಡೆಸಿದವು. 2007ರಲ್ಲಿ ಪ್ರಕಟವಾದ ಬೆನ್ನುನೋವಿನ ಪರೀಕ್ಷೆಯಲ್ಲಿ 1162 ಮಂದಿಯಿದ್ದರು. ಆರು ತಿಂಗಳ ನಂತರ ನೋಡಿದಾಗ ಸರಿಯಾದ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6, ಹುಸಿ ಬಿಂದುಗಳಿಗೆ ಹಾಕಿಸಿಕೊಂಡವರಲ್ಲಿ ಶೇ. 44.2, ಮಾತ್ರೆ-ವ್ಯಾಯಾಮಗಳ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ. 27.4 ಮಂದಿಗೆ ಗಮನಾರ್ಹ ಉಪಶಮನ ಸಿಕ್ಕಿತ್ತು. ಈ ಮೂರು ಅಂಕಿಗಳನ್ನು ಒಂದು ಗಳಿಗೆ ನಿಧಾನವಾಗಿ ನೋಡಿ. ಸೂಜಿಯ ಪರವಾಗಿರುವವರು ಮೊದಲನೆಯದನ್ನೂ ಮೂರನೆಯದನ್ನೂ ಹಿಡಿದು ಗೆದ್ದೆವೆಂದರು. ವಿರೋಧಿಗಳು ಮೊದಲೆರಡನ್ನು ಹಿಡಿದು, ವ್ಯತ್ಯಾಸವೇ ಇಲ್ಲವಲ್ಲ, ಎಲ್ಲ ನಂಬಿಕೆಯ ಆಟ ಎಂದರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಕಾಗದ!

ನನಗೆ ತೋರುವುದು ಹೀಗೆ. ಸಾವಿರಾರು ವರ್ಷಗಳ ಬಿಂದುಗಳ ನಕ್ಷೆಗೆ ನಾವು ಕೊಡುವಷ್ಟು ಮಹತ್ವ ಬೆನ್ನುನೋವಿನ ಮಟ್ಟಿಗಂತೂ ಇಲ್ಲ. ಆದರೆ ಹುಸಿ ಸೂಜಿಯೂ ಸೂಜಿಯೇ; ಅದೂ ಚರ್ಮವನ್ನು ಕೆಣಕುತ್ತದೆ, ನರವನ್ನು ಎಚ್ಚರಿಸುತ್ತದೆ. ಅದರ ಜತೆಗೆ ಅರ್ಧ ಗಂಟೆ ಸುಮ್ಮನೆ ಮಲಗುವುದು, ಯಾರೋ ಒಬ್ಬರು ಮೈಮುಟ್ಟಿ ವಿಚಾರಿಸುವುದು, ಗುಣವಾದೀತೆಂಬ ನಿರೀಕ್ಷೆ. ಮೂರನೆಯ ಗುಂಪಿನವರಿಗಾದರೋ ವರ್ಷಗಟ್ಟಲೆ ಮಾಡಿ ಸೋತ ಚಿಕಿತ್ಸೆಯೇ ಮತ್ತೆ ಸಿಕ್ಕಿದಾಗ ನಿರಾಸೆಯಾಗಿರಲಿಕ್ಕೂ ಸಾಕು.

ಮುಂದೆ ಸಂಖ್ಯಾತಜ್ಞ ಆಂಡ್ರೂ ವಿಕರ್ಸ್ ಮತ್ತು ಸಂಗಡಿಗರು 29 ಪರೀಕ್ಷೆಗಳ 17,922 ರೋಗಿಗಳ ಲೆಕ್ಕವನ್ನು 2012ರಲ್ಲಿ ಒಟ್ಟುಗೂಡಿಸಿದರು. ನೂರಕ್ಕೆ ಅರವತ್ತು ಅಂಕದ ನೋವಿರುವ ರೋಗಿಯನ್ನು ಊಹಿಸಿಕೊಳ್ಳಿ ಎಂದರು ಅವರು. ಸೂಜಿಯಿಲ್ಲದಿದ್ದರೆ ಅದು 43ಕ್ಕೆ, ಹುಸಿ ಸೂಜಿಯಿಂದ 35ಕ್ಕೆ, ನಿಜ ಸೂಜಿಯಿಂದ 30ಕ್ಕೆ ಇಳಿಯುತ್ತದೆ. ಹುಸಿಗೂ ನಿಜಕ್ಕೂ ಅಂತರವಿದೆ, ಆದರೆ ಸಣ್ಣದು. ಬೆನ್ನು, ಕುತ್ತಿಗೆ, ಮೊಣಕಾಲಿನ ಸವೆತ, ತಲೆನೋವು ಇವುಗಳಿಗೆ ಈ ಮಾತು ಅನ್ವಯ. ಅರೆತಲೆನೋವಿನ ಲೆಕ್ಕ ಇನ್ನೂ ಸಲೀಸು. 2016ರಲ್ಲಿ ಕಾಕ್ರೇನ್ ಸಂಸ್ಥೆ 22 ಪರೀಕ್ಷೆಗಳನ್ನು ತೂಗಿ ನೋಡಿ ಹೇಳಿದ್ದು: ತಿಂಗಳಿಗೆ ಆರು ದಿನ ತಲೆ ಸಿಡಿಯುವವರಿಗೆ ವಾಡಿಕೆಯ ಚಿಕಿತ್ಸೆಯಲ್ಲಿ ಅದು ಐದು ದಿನಕ್ಕೆ, ಹುಸಿ ಸೂಜಿಯಿಂದ ಅಥವಾ ತಡೆಗಟ್ಟುವ ಮಾತ್ರೆಯಿಂದ ನಾಲ್ಕು ದಿನಕ್ಕೆ, ನಿಜ ಸೂಜಿಯಿಂದ ಮೂರೂವರೆ ದಿನಕ್ಕೆ ಇಳಿಯುತ್ತದೆ. ಪವಾಡವಲ್ಲ. ಆದರೆ ಕತ್ತಲೆಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದು ಮಲಗುವವರನ್ನು ಕೇಳಿ ನೋಡಿ, ತಿಂಗಳಿಗೆ ಎರಡು ದಿನ ಉಳಿದರೂ ಅವರಿಗೆ ಅದು ಸಣ್ಣದಲ್ಲ.

ಜರ್ಮನಿಯ ವಿಮೆ 2007ರಿಂದ ದೀರ್ಘಕಾಲದ ಬೆನ್ನು ಮತ್ತು ಮೊಣಕಾಲು ನೋವಿಗೆ ಸೂಜಿಯ ಖರ್ಚು ಕೊಡತೊಡಗಿತು. ಅಮೆರಿಕದ ಮೆಡಿಕೇರ್ 2020ರಿಂದ ದೀರ್ಘಕಾಲದ ಬೆನ್ನುನೋವಿಗೆ ಕೊಡುತ್ತಿದೆ. ಬ್ರಿಟನ್ನಿನ ಪರಿಣತರ ಸಮಿತಿ ಬೆನ್ನುನೋವಿಗೆ 2009ರಲ್ಲಿ ಹೂಂ ಎಂದು 2016ರಲ್ಲಿ ಉಹೂಂ ಎಂದಿತು. ಕಾರಣ ತಿಳಿಯದ ದೀರ್ಘ ನೋವುಗಳಿಗೆ 2021ರಲ್ಲಿ ಮತ್ತೆ ಪರಿಗಣಿಸಬಹುದೆಂದಿತು.

ಎಲ್ಲಿಗೆ ನಿಲ್ಲಿಸಬೇಕು?

ಇತ್ತ ನಮ್ಮೂರುಗಳ ಫಲಕಗಳನ್ನು ಓದಿದರೆ ಬೇರೆಯದೇ ಪಟ್ಟಿ ಕಾಣುತ್ತದೆ. ಸಕ್ಕರೆ ಕಾಯಿಲೆ, ಲಕ್ವ, ಮೂರ್ಛೆರೋಗ, ಬಂಜೆತನ, ಕಿವುಡು, ಕ್ಯಾನ್ಸರು! ಓದುಗರೊಬ್ಬರು ಬರೆದಿದ್ದಾರೆ: ಮಂಡಿನೋವಿಗೆಂದು ತಂದೆಯವರನ್ನು ಸೂಜಿ ಹಾಕುವವರಲ್ಲಿಗೆ ಕರೆದುಕೊಂಡು ಹೋದರಂತೆ. ನೋವು ಸಾಕಷ್ಟು ತಗ್ಗಿತು. ತಂದೆಯವರಿಗೆ ನಂಬಿಕೆ ಬಲಿಯಿತು. ಆಗ ಚಿಕಿತ್ಸಕರು ಸಕ್ಕರೆಯನ್ನೂ ಸೂಜಿಯಿಂದಲೇ ಇಳಿಸುತ್ತೇನೆ, ಇನ್ಸುಲಿನ್ ಬಿಟ್ಟುಬಿಡಿ ಎಂದರಂತೆ. ಬಿಡಬಹುದೇ ಎಂಬುದು ಪ್ರಶ್ನೆ.

ಬಿಡಕೂಡದು. ಒಂದು ದಿನವೂ ಬಿಡಕೂಡದು. ಮಂಡಿನೋವು ತಗ್ಗಿದ್ದು ನಿಜವೇ ಇರಬಹುದು. ಮೇಲೆ ಹೇಳಿದ ದಾರಿಯಲ್ಲಿ ಅದು ಸಾಧ್ಯ. ಸಕ್ಕರೆಯ ಕಥೆ ಬೇರೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳು ಸತ್ತಿದ್ದರೆ ಅವನ್ನು ಯಾವ ಸೂಜಿಯೂ ಎಬ್ಬಿಸಲಾರದು. ಇನ್ಸುಲಿನ್ನನ್ನೇ ನಂಬಿರುವ ರೋಗಿ ಅದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ, ಎಚ್ಚರ ತಪ್ಪಿ, ಪ್ರಾಣವೇ ಹೋದೀತು. ನೋವಿಗೆ ಒದಗಿದ ನಂಬಿಕೆಯನ್ನು ಬೇರೆ ರೋಗಕ್ಕೆ ಸಾಲವಾಗಿ ಪಡೆಯುವುದೇ ಇಲ್ಲಿನ ದೊಡ್ಡ ಅಪಾಯ. ಸೂಜಿಯ ಮೊನೆಯಲ್ಲಿ ಅಷ್ಟು ಅಪಾಯವಿಲ್ಲ. ಮೂರ್ಛೆರೋಗದ ಮಾತ್ರೆ, ರಕ್ತದೊತ್ತಡದ ಮಾತ್ರೆ, ಕ್ಷಯದ ಮದ್ದು ಎಲ್ಲಕ್ಕೂ ಇದೇ ಮಾತು. ಸಂತಾನಕ್ಕಾಗಿ ಕಾಯುತ್ತಿರುವ ದಂಪತಿಗಳು ದುಡ್ಡು ಸುರಿಯುವ ಮುನ್ನ ಇದನ್ನು ತಿಳಿದಿರಲಿ: ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆಯಿದ್ದ ಸಾವಿರ ಮಂದಿ ಹೆಂಗಸರ ಮೇಲೆ ಚೀನಾದಲ್ಲೇ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೂಜಿಯಿಂದ ಹೆರಿಗೆಗಳೇನೂ ಹೆಚ್ಚಲಿಲ್ಲ. ಪ್ರನಾಳ ಶಿಶು ಚಿಕಿತ್ಸೆಯ ಜತೆ ಸೂಜಿ ಹಾಕಿ ನೋಡಿದ 2018ರ ಆಸ್ಟ್ರೇಲಿಯಾದ ಪರೀಕ್ಷೆಯ ಫಲವೂ ಅದೇ.

ಸೂಜಿಯ ಮೊನೆಯ ಅಪಾಯಗಳನ್ನೂ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ 2009ರ ವರದಿಯಲ್ಲಿ ಶೇ. 8.6 ಮಂದಿಗೆ ಏನಾದರೊಂದು ತೊಂದರೆ ಕಂಡಿತ್ತು. ಹೆಚ್ಚಿನವು ರಕ್ತ ಜಿನುಗುವುದು, ಕಂದುಗಟ್ಟುವುದು, ಒಂದಿಷ್ಟು ನೋವು. ಇಬ್ಬರಿಗೆ ಮಾತ್ರ ಶ್ವಾಸಕೋಶ ತೂತಾಗಿ ಗಾಳಿ ಸೋರಿತ್ತು. ಹೆಗಲಿನ ಮೇಲೆ, ಎದೆಯ ಮೇಲೆ ಆಳವಾಗಿ ಚುಚ್ಚಿದರೆ ಹೀಗಾಗಬಹುದು. ಚಿಕಿತ್ಸೆಯ ಬಳಿಕ ಉಸಿರು ಹಿಡಿದಂತಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ನೆನಪಿಡಿ, ಇದು ತರಬೇತಾದ ವೈದ್ಯರ ಕೈಯ ಲೆಕ್ಕ. ಒಬ್ಬರ ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಇನ್ನೊಬ್ಬರಿಗೆ ಚುಚ್ಚುವಲ್ಲಿ ಕಾಮಾಲೆಯ ವೈರಸ್ಸು ಧಾರಾಳವಾಗಿ ದಾಟುತ್ತದೆ. ನಿಮ್ಮ ಕಣ್ಣೆದುರೇ ಮುಚ್ಚಿದ ಪೊಟ್ಟಣ ಹರಿದು ಹೊಸ ಸೂಜಿ ತೆಗೆಯದಿದ್ದರೆ ಎದ್ದು ಬನ್ನಿ, ನಾಚಿಕೊಳ್ಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಹೃದಯದಲ್ಲಿ ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಸೂಜಿ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಸತ್ತವರು ಪಾದಕ್ಕೆ ಚುಚ್ಚಿಸಿಕೊಳ್ಳುವುದು, ಉರಿಯುವ ಬತ್ತಿಯ ಶಾಖ ಕೊಡಿಸಿಕೊಳ್ಳುವುದು ಎರಡೂ ಗಾಯಕ್ಕೆ ಆಮಂತ್ರಣ.

ಕೇಂದ್ರ ಸರಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನವೆಂದೂ 2019ರ ಫೆಬ್ರವರಿಯಲ್ಲಿ ಸ್ವತಂತ್ರ ಪದ್ಧತಿಯೆಂದೂ ಮಾನ್ಯಮಾಡಿದೆ. ಹಾಗೆಂದು ಗೋಡೆಯ ಮೇಲಿನ ಚೌಕಟ್ಟಿನಲ್ಲಿರುವ ಎಲ್ಲ ಪ್ರಮಾಣಪತ್ರಗಳಿಗೂ ಒಂದೇ ಬೆಲೆಯಿಲ್ಲ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳುವುದು ಅವಮಾನವಲ್ಲ. ಎಂಟು-ಹತ್ತು ಸಲ ಹಾಕಿಸಿಕೊಂಡರೂ ನೋವಿನಲ್ಲಿ ಬದಲಾವಣೆ ಕಾಣದಿದ್ದರೆ ಇನ್ನೂ ಇಪ್ಪತ್ತಕ್ಕೆ ಮುಂಗಡ ಕಟ್ಟುವುದರಲ್ಲಿ ಅರ್ಥವಿಲ್ಲ. ಹೊಸದಾಗಿ ಬಂದ ನೋವಾದರಂತೂ ಮೊದಲು ಕಾರಣ ಪತ್ತೆಯಾಗಬೇಕು. ಬೆನ್ನುಮೂಳೆಯ ಕ್ಷಯವನ್ನು ಸೂಜಿಯಿಂದ ಮರೆಸುತ್ತ ಕೂತರೆ ಕೊನೆಗೆ ಕಾಲೇ ಸ್ವಾಧೀನ ತಪ್ಪೀತು.

ಸೂಜಿಯೇ ಬೇಡ ಎನ್ನುವವರಿಗೆ ಒಂದು ಬಿಂದುವಿನ ಗುರುತು ಹೇಳಿಕೊಡಬಹುದು. ಅಂಗೈ ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ನಿಮ್ಮದೇ ಮೂರು ಬೆರಳಗಲ ಅಳೆಯಿರಿ. ಅಲ್ಲಿ ಮುಷ್ಟಿ ಬಿಗಿದಾಗ ಎದ್ದು ಕಾಣುವ ಎರಡು ಸ್ನಾಯುರಜ್ಜುಗಳ ನಡುವಿನ ಜಾಗವೇ ‘ನೈಗುವಾನ್’. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಈ ಜಾಗವನ್ನು ಚುಚ್ಚಿ, ಒತ್ತಿ ನೋಡಿದ 59 ಪರೀಕ್ಷೆಗಳನ್ನು ಕಾಕ್ರೇನ್ ಸಂಸ್ಥೆ 2015ರಲ್ಲಿ ಪರಿಶೀಲಿಸಿ, ವಾಂತಿ ತಡೆಯುವ ಮಾತ್ರೆಗಳಿಗೆ ಇದು ಹೆಚ್ಚುಕಡಿಮೆ ಸಮವೆಂದಿತು. ಪ್ರಯಾಣದ ವಾಂತಿಗೆ ಪುರಾವೆ ಅಷ್ಟು ಗಟ್ಟಿಯಿಲ್ಲ, ಒಂದು ಪರೀಕ್ಷೆ ಹೌದೆಂದರೆ ಇನ್ನೊಂದು ಅಲ್ಲವೆನ್ನುತ್ತದೆ. ಆದರೂ ಬಸ್ಸು ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯುವಾಗ ಹೆಬ್ಬೆರಳಿನಿಂದ ಎರಡು-ಮೂರು ನಿಮಿಷ ಅಲ್ಲಿ ಗಟ್ಟಿಯಾಗಿ ಒತ್ತಿಕೊಂಡರೆ ನಷ್ಟವೇನಿಲ್ಲ. ಕಿಟಕಿಯ ಪಕ್ಕದ ಸೀಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ.